ನಮಗೆ ನಾವೇ ಆಡಿಕೊಳ್ಳುವ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ವಾರಕ್ಕೊಮ್ಮೆ ಚಿತ್ರದುರ್ಗಕ್ಕೂ ಹೋಗುತ್ತೇನೆ. ಕಾಲೇಜು ಹುಡುಗರು, ಸ್ತ್ರೀಶಕ್ತಿ ಸಂಘದ ಅಮ್ಮಂದಿರು, ಮಂಡಿಯಲ್ಲಿ ಲೆಕ್ಕ ಬರೆಯುವವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳನ್ನು. ಕೆಲವು ಚೀಟಿಯಲ್ಲಿ ಬಂದವು, ಕೆಲವು ವಾಟ್ಸಾಪ್‌ನಲ್ಲಿ. ಜಾಸ್ತಿ ಪಾಲು, ಕಾರ್ಯಕ್ರಮ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದವು. ಕೇಳಿದವರ ಮಾತಲ್ಲೇ ಬರೆದಿದ್ದೇನೆ. ಯಾರ ಗುರುತೂ ಸಿಗದ ಹಾಗೆ ವಿವರ ಮಾತ್ರ ಬದಲಿಸಿದ್ದೇನೆ.

### ಮೊದಮೊದಲು ಕೇಳುವಂಥವು

ಮೇಡಂ, ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡ್ಕೋತಿರ್ತೀನಿ. ಸೊಸೆ ನಗ್ತಾಳೆ. ನನಗೇನಾದ್ರೂ ಆಗಿದೆಯಾ?

ಏನೂ ಆಗಿಲ್ಲ. "ಉಪ್ಪು ಹಾಕಿದ್ನಾ? ಹಾಕಿದೆ. ಇನ್ನು ಒಗ್ಗರಣೆ" ಅಂತ ಹೇಳಿಕೊಂಡರೆ ಕೆಲಸ ತಪ್ಪುವುದಿಲ್ಲ, ಅಷ್ಟೇ. ನಿಮ್ಮ ಮೊಮ್ಮಗ ಆಟದ ಸಾಮಾನು ಹರಡಿಕೊಂಡು "ಈಗ ಲಾರಿ ಬರುತ್ತೆ, ಲೋಡ್ ಇಳಿಸ್ತೀವಿ" ಅಂತ ತನ್ನ ಪಾಡಿಗೆ ಹೇಳಿಕೊಳ್ಳುತ್ತಾನಲ್ಲ, ಇದೂ ಅದೇ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಇದನ್ನು 1930ರ ದಶಕದಲ್ಲೇ ವಿವರಿಸಿದ್ದರು. ಮಗು ಮೊದಲು ದೊಡ್ಡವರ ಜೊತೆ ಮಾತಾಡುತ್ತದೆ. ಆಮೇಲೆ ದೊಡ್ಡವರು ಹೇಳಿದ್ದನ್ನೇ ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತದೆ. ಶಾಲೆಯ ವಯಸ್ಸಿಗೆ ಬರುವಾಗ ದನಿ ಇಳಿಯುತ್ತದೆ, ತುಟಿ ಮಾತ್ರ ಅಲ್ಲಾಡುತ್ತದೆ, ಕೊನೆಗೆ ಮಾತು ಪೂರ್ತಿ ಒಳಗೆ ಸೇರಿಕೊಳ್ಳುತ್ತದೆ. ಕೆಲಸ ತೊಡಕಾದಾಗ ದೊಡ್ಡವರಲ್ಲೂ ಅದು ಮತ್ತೆ ಹೊರಗೆ ಬರುತ್ತದೆ. ಬೀಗದ ಕೈ ಹುಡುಕುವಾಗ ಸುಮ್ಮನೆ ಹುಡುಕುವವರನ್ನು ನಾನಂತೂ ನೋಡಿಲ್ಲ.

ಒಂದು ವ್ಯತ್ಯಾಸ ಮಾತ್ರ ಗೊತ್ತಿರಲಿ. ಇದು ನನ್ನದೇ ಮಾತು ಅಂತ ನಿಮಗೆ ಗೊತ್ತಿರುತ್ತದೆ. ಯಾರೂ ಇಲ್ಲದಾಗ ಬೇರೆಯವರ ದನಿ ಹೊರಗಿನಿಂದ ಕೇಳಿಸಿದರೆ, ಅದು "ಹೀಗೆ ಮಾಡು" ಅಂತ ಅಪ್ಪಣೆ ಕೊಟ್ಟರೆ, ಆ ವಿಷಯ ಬೇರೆ. ಮನೋವೈದ್ಯರಿಗೆ ತೋರಿಸಬೇಕು. ತಾಯಿತ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಕಾಯಬಾರದು.

ನನಗೆ ಒಳಗೆ ಯಾವ ಮಾತೂ ಕೇಳಿಸಲ್ಲ. ಬರೀ ಚಿತ್ರ ಬರುತ್ತೆ. ತಪ್ಪಾ?

ತಪ್ಪೇನಿಲ್ಲ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಅನ್ನುವವರು ಆಗಾಗ ಬೀಪ್ ಅನ್ನುವ ಸಣ್ಣ ಯಂತ್ರವನ್ನು ಜನರ ಕೈಗೆ ಕೊಟ್ಟು, ಸದ್ದಾದ ಆ ಕ್ಷಣದಲ್ಲಿ ಮನಸ್ಸಲ್ಲಿ ಏನಿತ್ತು ಅಂತ ಬರೆಸಿದರು. ಕೆಲವರ ಒಳಗೆ ಮಾತು ನಿಲ್ಲುವುದೇ ಇಲ್ಲ. ಕೆಲವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೆ ಚಿತ್ರವೂ ಬೈಯುತ್ತದೆ. ಯಾವುದೋ ಮದುವೆ ಮನೆಯಲ್ಲಿ ಆದ ಅವಮಾನ ಹತ್ತು ವರ್ಷ ಆದ ಮೇಲೂ ಕಣ್ಣಮುಂದೆ ಓಡುತ್ತಿದ್ದರೆ, ಮುಂದಿನ ಮಾತುಗಳು ನಿಮಗೂ ಸೇರಿದ್ದು.

ಮನಸ್ಸಲ್ಲೇ ಬೈದುಕೊಂಡ್ರೆ ಮೈಗೇನಾಗುತ್ತೆ? ಬರೀ ಮಾತು ತಾನೇ?

ಯಾರೋ ಎದುರಿಗೆ ನಿಂತು ಗದರಿದರೆ ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಡಿದುಕೊಳ್ಳುತ್ತದೆ, ಕಾರ್ಟಿಸಾಲ್ ಅನ್ನುವ ಹಾರ್ಮೋನು ರಕ್ತದಲ್ಲಿ ಏರುತ್ತದೆ. ಗದರಿದವರು ಆ ಕಡೆ ಹೋದರೆ ಸ್ವಲ್ಪ ಹೊತ್ತಿಗೆ ಎಲ್ಲಾ ಇಳಿಯುತ್ತದೆ. ಒಳಗಿರುವವರು ಎಲ್ಲಿಗೂ ಹೋಗುವುದಿಲ್ಲ, ಅದೇ ತೊಂದರೆ. ನಿದ್ದೆ ಹೋಗುತ್ತದೆ, ಊಟ ಸೇರುವುದಿಲ್ಲ, ಕತ್ತು ಭುಜ ಬಿಗಿಯುತ್ತವೆ. ಎಷ್ಟೋ ಜನ ತಲೆನೋವು ಅಂತ ಬಂದವರು ಕೊನೆಗೆ ಹೇಳುವುದು ಇದನ್ನೇ.

ಇದಕ್ಕೆ ನಮ್ಮಲ್ಲಿ ಒಳ್ಳೆ ಪದ ಇದೆ: ಮೆಲುಕು. ಎಮ್ಮೆ ಮೆಲುಕು ಹಾಕಿದರೆ ಹಾಲಾಗುತ್ತದೆ. ನಾವು ಹಾಕಿದರೆ ರಾತ್ರಿ ಎರಡು ಗಂಟೆ ಆಗುತ್ತದೆ. ಸೂಸನ್ ನೋಲನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಲ್ಲಿ ಯಾರು ಎಷ್ಟು ಮೆಲುಕು ಹಾಕುತ್ತಾರೆ ಅಂತ ಅಳೆದಿಟ್ಟಿದ್ದರು. ಅದಾಗಿ ಎರಡು ವಾರಕ್ಕೆ, 1989ರ ಅಕ್ಟೋಬರ್‌ನಲ್ಲಿ, ಅಲ್ಲಿ ದೊಡ್ಡ ಭೂಕಂಪವಾಯಿತು. ಆಮೇಲೆ ಮತ್ತೆ ನೋಡಿದಾಗ, ಮೊದಲೇ ಮೆಲುಕಿನ ಅಭ್ಯಾಸ ಇದ್ದವರಲ್ಲಿ ಖಿನ್ನತೆ ಜಾಸ್ತಿ ಇತ್ತು. ಏಳು ವಾರ ಕಳೆದ ಮೇಲೂ ಇತ್ತು.

### ಬೈಗುಳ, ಹೊಗಳಿಕೆ, ಲೆಕ್ಕ

ನೀಟ್‌ಗೆ ಓದ್ತಿದೀನಿ. ಬೈದುಕೊಳ್ಳದಿದ್ರೆ ಓದೋಕೆ ಕೂರೋದೇ ಇಲ್ಲ. ಬೈಗುಳ ಬಿಟ್ರೆ ಸೋಮಾರಿ ಆಗಲ್ವಾ?

ದಾವಣಗೆರೆಯಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸುತ್ತಮುತ್ತಲ ತಾಲ್ಲೂಕಿನಿಂದ ಬಂದು ಹಾಸ್ಟೆಲ್ ಸೇರಿದ ಮಕ್ಕಳು ಬೈಗುಳವನ್ನೇ ಅಲಾರಂ ಮಾಡಿಕೊಂಡಿರುತ್ತಾರೆ.

ಒಬ್ಬ ಹುಡುಗ ನೋಟ್‌ಬುಕ್ ಹಿಡಿದುಕೊಂಡು ಬಂದ. ಹಿಂದಿನ ಪುಟದಲ್ಲಿ ಕೆಂಪು ಇಂಕಿನಲ್ಲಿ "ದಡ್ಡ ನನ್ಮಗ" ಅಂತ ತನಗೇ ಬರೆದುಕೊಂಡಿದ್ದ. ಮಾಕ್ ಟೆಸ್ಟ್‌ನಲ್ಲಿ ಫಿಸಿಕ್ಸ್ 180ಕ್ಕೆ 62. "ಎಲ್ಲಿ ತಪ್ಪಾಯ್ತಪ್ಪಾ?" ಅಂದೆ. "ನಾನೇ ಸರಿ ಇಲ್ಲ ಮೇಡಂ" ಅಂದ. ಎಲ್ಲಿ ಅಂತ ಅವನಿಗೆ ಗೊತ್ತಿರಲಿಲ್ಲ. ಪೇಪರ್ ತೆಗೆಸಿ ಇಬ್ಬರೂ ಕೂತು ಎಣಿಸಿದೆವು. 45 ಪ್ರಶ್ನೆಯಲ್ಲಿ ಸರಿ 18, ತಪ್ಪು 10, ಮುಟ್ಟದೇ ಬಿಟ್ಟದ್ದು 17. ಆ 17ರಲ್ಲಿ 12 ಅವನಿಗೆ ಬರುತ್ತಿದ್ದವು, ಟೈಮ್ ಸಾಲಲಿಲ್ಲ ಅಷ್ಟೇ. ಬಯಾಲಜಿಯಲ್ಲಿ ಒಂದೊಂದು ಪ್ರಶ್ನೆಯನ್ನೂ ಮೂರು ಸಲ ಓದುತ್ತಾ ಕೂತಿದ್ದನಂತೆ. ಹುಡುಗನಿಗೆ ಬೇಕಾಗಿದ್ದದ್ದು ಒಂದು ಕೈಗಡಿಯಾರ. ಬೈಗುಳ ಅದನ್ನು ಒಂದು ದಿನವೂ ಹೇಳಿರಲಿಲ್ಲ.

ನಮ್ಮ ಎಪಿಎಂಸಿ ಯಾರ್ಡ್‌ಗೆ ಮೆಕ್ಕೆಜೋಳ ಬಂದಾಗ ಖರೀದಿದಾರರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರೆ. "ತೇವ ಐತಿ, ಇನ್ನೆರಡು ದಿನ ಒಣಗಿಸ್ರಿ" ಅನ್ನುತ್ತಾರೆ. ರೈತನ ಜಾತಕ ಜಾಲಾಡುವುದಿಲ್ಲ. ತನಗೆ ತಾನು ಹೇಳಿಕೊಳ್ಳುವ ಮಾತು ಅಷ್ಟು ಖಚಿತವಾಗಿದ್ದರೆ ಸಾಕು, ಸಿಹಿಯಾಗಿರಬೇಕು ಅಂತೇನಿಲ್ಲ.

ಸೋಮಾರಿಯಾಗುವ ಭಯಕ್ಕೂ ಉತ್ತರ ಇದೆ. 2012ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ವಿದ್ಯಾರ್ಥಿಗಳಿಗೆ ಬೇಕಂತಲೇ ಕಷ್ಟದ ಶಬ್ದ ಪರೀಕ್ಷೆ ಕೊಟ್ಟರು. ಸೋತ ಮೇಲೆ ಒಂದು ಗುಂಪಿಗೆ "ಇದು ಎಲ್ಲರಿಗೂ ಕಷ್ಟವೇ, ನಿಮ್ಮನ್ನು ನೀವು ತೀರಾ ಹಳಿದುಕೊಳ್ಳಬೇಡಿ" ಅನ್ನುವ ಧಾಟಿಯ ಮಾತು ಹೇಳಿದರು. ಎರಡನೇ ಪರೀಕ್ಷೆಗೆ ಜಾಸ್ತಿ ಹೊತ್ತು ಓದಿದ್ದು ಆ ಗುಂಪೇ.

ದಿನಾ ಬೆಳಿಗ್ಗೆ ಕನ್ನಡಿ ಮುಂದೆ "ನಾನು ಗೆಲ್ತೀನಿ, ನಾನು ಬೆಸ್ಟ್" ಅನ್ನಬೇಕಂತೆ. ಕೆಲಸ ಮಾಡುತ್ತಾ?

ಆಗಲೇ ಆತ್ಮವಿಶ್ವಾಸ ಇರುವವರಿಗೆ ಸ್ವಲ್ಪ. ಇಲ್ಲದವರಿಗೆ ಉಲ್ಟಾ ಹೊಡೆಯಬಹುದು. ಕೆನಡಾದ ಜೋಆನ್ ವುಡ್ ಮತ್ತು ಅವರ ಜೊತೆಗಾರರು 2009ರಲ್ಲಿ ಇದನ್ನೇ ಪರೀಕ್ಷಿಸಿದರು. "ನನ್ನನ್ನು ಎಲ್ಲರೂ ಪ್ರೀತಿಸುವಂಥವನು ನಾನು" ಅನ್ನುವ ಅರ್ಥದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಕೀಳಾಗಿ ಯೋಚಿಸುತ್ತಿದ್ದವರಿಗೆ ಇನ್ನೂ ಬೇಜಾರಾಯಿತು. ಬಾಯಿ ಒಂದು ಹೇಳಿದರೆ ಒಳಗಿನಿಂದ "ಹೌದಾ? ಮೊನ್ನೆ ಏನಾಯ್ತು ನೆನಪಿದೆಯಾ?" ಅಂತ ಸಾಕ್ಷಿ ಸಮೇತ ಎದುರುವಾದ ಬರುತ್ತದೆ.

ಹಾಗಾಗಿ ನಿಮ್ಮ ಮನಸ್ಸು ನಗದಂಥ ಮಾತು ಹೇಳಿ. "ನಿನ್ನೆ ಎರಡು ಪುಟ ಓದಿದೆ. ಇವತ್ತು ಮೂರನೇದು." ಇದಕ್ಕೆ ಯಾವ ಎದುರುವಾದವೂ ಇಲ್ಲ.

ಕೈಯಲ್ಲಿ ಮಾಡುವ ಕೆಲಸಕ್ಕಾದರೆ ಇನ್ನೂ ಚಿಕ್ಕದು ಸಾಕು. 2011ರಲ್ಲಿ ಗ್ರೀಸ್‌ನ ಸಂಶೋಧಕರು ಆಟಗಾರರ ಸ್ವಗತದ ಬಗ್ಗೆ ಆಗಿದ್ದ 32 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೀಗೆ ಹೇಳಿಕೊಂಡರೆ ಆಟ ಸುಧಾರಿಸುತ್ತದೆ ಅಂತ ಗೊತ್ತಾಯಿತು. ಗುರಿ, ನಾಜೂಕು ಬೇಕಾದ ಕಡೆ ಹೆಚ್ಚು ಲಾಭ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಹೊಸ ಹುಡುಗ ಹಂಚಿನ ಮುಂದೆ ನಿಂತು "ಕಾವು ನೋಡು, ಕಾವು ನೋಡು" ಅಂತ ಗುನುಗುತ್ತಿದ್ದದ್ದನ್ನು ಕೇಳಿದ್ದೇನೆ. ಅವನ ದೋಸೆ ಸೀಯಲಿಲ್ಲ.

### ದನಿ ಯಾರದು, ಭಾಷೆ ಯಾವುದು

ಆ ದನಿ ನಮ್ಮಪ್ಪಾಜಿ ದನಿ ಥರಾನೇ ಇದೆ. ಅವರು ಹೋಗಿ ಆರು ವರ್ಷ ಆಯ್ತು. ಏನು ಮಾಡ್ಲಿ?

ನನ್ನದೇ ಹೇಳುತ್ತೇನೆ. ಒಮ್ಮೆ ಚಿತ್ರದುರ್ಗದ ಒಂದು ಶಾಲೆಯಲ್ಲಿ ಮಾತಾಡಲು ಕರೆದಿದ್ದರು. ಮೈಕ್ ಹಿಡಿದು ಐದು ನಿಮಿಷಕ್ಕೆ ಎಲ್ಲಾ ಮರೆತುಹೋಯಿತು. ಚೀಟಿ ನೋಡಿದರೆ ಅಕ್ಷರ ಕುಣಿಯುತ್ತಿವೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಹೇಗೋ ಮುಗಿಸಿ ಬಸ್ ಹತ್ತಿದೆ. ಭರಮಸಾಗರ ದಾಟುವವರೆಗೂ ತಲೆಯಲ್ಲಿ ಒಂದೇ ವಾಕ್ಯ: "ದೊಡ್ಡ ಮಾತುಗಾರ್ತಿ ಬಂದ್ಲು ನೋಡು."

ಆಮೇಲೆ ಹೊಳೆಯಿತು, ಈ ವಾಕ್ಯ ನನ್ನದಲ್ಲ. ನಾನು ಯಾವತ್ತೂ "ಮಾತುಗಾರ್ತಿ" ಅನ್ನುವ ಪದ ಬಳಸುವುದೇ ಇಲ್ಲ. ಅದು ನಮ್ಮ ಸೋದರತ್ತೆಯ ಮಾತು. ನನಗೆ ಒಂಬತ್ತು ವರ್ಷವಿದ್ದಾಗ ನೆಂಟರ ಮುಂದೆ ಪದ್ಯ ಹೇಳಲು ಹೋಗಿ ತಡವರಿಸಿದ್ದೆ, ಆಗ ಅಂದದ್ದು. ರಾಗ ಕೂಡ ಅವರದೇ, "ನೋಡು" ಅನ್ನುವುದನ್ನು ಎಳೆಯುವುದು. ಅತ್ತೆ ಕೆಟ್ಟವರಲ್ಲ. ಐದು ಮಕ್ಕಳನ್ನು ಸಾಕಿದವರು, ಅವರಿಗೂ ಯಾರೂ ಒಂದು ಒಳ್ಳೆ ಮಾತು ಹೇಳಿರಲಿಲ್ಲ. ಹೆದರಿಸಿದರೆ ಮಕ್ಕಳು ಅವಮಾನಕ್ಕೆ ಸಿಕ್ಕಿಕೊಳ್ಳುವುದಿಲ್ಲ ಅಂದುಕೊಂಡಿದ್ದರೋ ಏನೋ.

ನಿಮಗೂ ಇದನ್ನೇ ಹೇಳುತ್ತೇನೆ. ದನಿ ಯಾರದು ಅಂತ ಮೊದಲು ಗುರುತು ಹಿಡಿಯಿರಿ. ಪದ, ರಾಗ, ಎಷ್ಟು ವಯಸ್ಸಲ್ಲಿ ಕೇಳಿದ್ದು. ಗುರುತು ಸಿಕ್ಕ ಮೇಲೆ ಜಗಳ ಬೇಡ. ಸತ್ತವರ ಜೊತೆ ಜಗಳಕ್ಕೆ ಕೊನೆ ಇಲ್ಲ. ಮನೆಗೆ ಬಂದ ಹಿರಿಯರನ್ನು ಹೇಗೆ ಕೂರಿಸುತ್ತೇವೆ, ಹಾಗೆ: "ಅಪ್ಪಾಜಿ, ಕೂತ್ಕೊಳ್ಳಿ. ಈ ಕೆಲಸ ನಾನು ನೋಡ್ಕೋತೀನಿ." ಕೇಳಲು ತಮಾಷೆ ಅನ್ನಿಸುತ್ತದೆ. ನಾನು ಈಗಲೂ ಅತ್ತೆಗೆ ಹೀಗೇ ಹೇಳುತ್ತೇನೆ.

ಇಂಗ್ಲಿಷ್‌ನಲ್ಲಿ ಬೈದುಕೊಂಡ್ರೆ ನಾಟಲ್ಲ. ಕನ್ನಡದಲ್ಲಾದ್ರೆ ಕರುಳು ಕಿತ್ತು ಬರುತ್ತೆ. ಯಾಕೆ?

ಇದನ್ನು ಕೇಳಿದ್ದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ, ಹಬ್ಬಕ್ಕೆ ಊರಿಗೆ ಬಂದಿದ್ದ ಹುಡುಗಿ. ಒಳ್ಳೆ ಪ್ರಶ್ನೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಿಯಾಗಿ ಇದನ್ನೇ ನೋಡಿತ್ತು. ಟರ್ಕಿಶ್ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಯ ಪದ, ವಾಕ್ಯ ಕೇಳಿಸಿ, ಬೆರಳಿನ ಬೆವರಿನ ವ್ಯತ್ಯಾಸ ಅಳೆದರು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಗದರುವಂಥ ಮಾತುಗಳು ಮಾತೃಭಾಷೆಯಲ್ಲಿ ಬಂದಾಗ ಮೈ ಜಾಸ್ತಿ ಅಲುಗಿತು. ಇಂಗ್ಲಿಷ್‌ನಲ್ಲಿ ಅಷ್ಟಿಲ್ಲ.

ಇದನ್ನು ನಾನು ಎರಡು ಕಡೆ ಬಳಸುತ್ತೇನೆ. ಬಾಯಿಗೆ ತರಲಾರದಂಥ ಘಟನೆಯನ್ನು ಕೆಲವರಿಗೆ ಮೊದಲು ಇಂಗ್ಲಿಷ್‌ನಲ್ಲಿ ಹೇಳುವುದು ಸುಲಭ. ಹೇಳಲಿ ಬಿಡಿ. ಆದರೆ ಸಮಾಧಾನದ ಮಾತು ಮನೆಮಾತಲ್ಲೇ ಇರಲಿ. ಉರ್ದು, ಲಂಬಾಣಿ, ತೆಲುಗು, ಯಾವುದಾದರೂ ಸರಿ. "ಇಟ್ಸ್ ಓಕೆ" ಅನ್ನುವುದಕ್ಕೂ "ಹೋಗ್ಲಿ ಬಿಡು ಮಗಾ" ಅನ್ನುವುದಕ್ಕೂ ಮೈ ಕೊಡುವ ಉತ್ತರ ಬೇರೆ.

ನಮ್ಮ ಹೆಸರು ನಾವೇ ಹಿಡಿದು ಕರ್ಕೋಬೇಕು ಅಂತಾರಲ್ಲ, ಅದೇನು?

ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಹೇಳಿದ್ದು. ಜನರ ಮುಂದೆ ಭಾಷಣ ಮಾಡುವಂಥ ಒತ್ತಡದ ಕೆಲಸಕ್ಕೆ ಮೊದಲು, "ನಾನು ಯಾಕೆ ಹೆದರುತ್ತಿದ್ದೇನೆ" ಅಂತ ಕೇಳಿಕೊಂಡವರಿಗಿಂತ, ತಮ್ಮ ಹೆಸರು ಹಿಡಿದೋ "ನೀನು" ಅಂತಲೋ ಕೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಮುಗಿದ ಮೇಲೆ ಮೆಲುಕೂ ಕಡಿಮೆ ಹಾಕಿದರು. ಪಕ್ಕದ ಮನೆಯವರ ಕಷ್ಟಕ್ಕೆ ನಮಗೆ ಥಟ್ಟನೆ ಪರಿಹಾರ ಹೊಳೆಯುತ್ತದಲ್ಲ, ಆ ದೂರ ತಂದುಕೊಳ್ಳುವ ಉಪಾಯ ಇದು.

ನಮಗೆ ಇದು ಹೊಸದೂ ಅಲ್ಲ. ವಚನಕಾರರು, ದಾಸರು ತಮ್ಮ ಮನಸ್ಸನ್ನೇ "ಮನವೇ" ಅಂತ ಕರೆದು ಎದುರಿಗೆ ಕೂರಿಸಿಕೊಂಡು ಮಾತಾಡಿದ್ದಾರೆ.

ಕನ್ನಡದಲ್ಲಿ ಇನ್ನೊಂದು ಸೌಲಭ್ಯ ಇದೆ. ನಮ್ಮನ್ನು ನಾವು ಯಾವಾಗಲೂ ಏಕವಚನದಲ್ಲೇ ಬೈದುಕೊಳ್ಳುತ್ತೇವೆ, ಗಮನಿಸಿದ್ದೀರಾ? ನಿವೃತ್ತ ಮಾಸ್ತರರೊಬ್ಬರು ತಮಗೆ ತಾವೇ ಬಹುವಚನ ಕೊಟ್ಟುಕೊಂಡಿದ್ದಾರೆ. "ಮಾಸ್ತರೇ, ಬಿಪಿ ಮಾತ್ರೆ ತಗೊಂಡ್ರಾ? ಯಾಕೆ ಇವತ್ತು ಮುಖ ಸಪ್ಪಗೆ?" ಹೆಂಡತಿ ತೀರಿಕೊಂಡ ಮೇಲೆ ಶುರುವಾದ ಅಭ್ಯಾಸವಂತೆ. "ಬಹುವಚನದಲ್ಲಿ ಜಾಸ್ತಿ ಬೈಯೋಕೆ ಬರಲ್ಲ ಕಣಮ್ಮ" ಅಂದರು. ಇದನ್ನು ಯಾವ ಸಂಶೋಧಕರೂ ಅಳೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಆದರೆ ಅವರ ಮಾತನ್ನು ನಂಬುತ್ತೇನೆ.

ಮಗಳಿಗೆ ಸಿಟ್ಟಲ್ಲಿ "ನಿನ್ ಕೈಲಿ ಆಗಲ್ಲ ಬಿಡು" ಅಂದುಬಿಟ್ಟೆ. ಅವಳ ತಲೆಯಲ್ಲಿ ಉಳಿದುಬಿಡುತ್ತಾ?

ಒಂದು ಸಲ ಅಂದದ್ದು ಉಳಿಯಲಿಕ್ಕಿಲ್ಲ. ದಿನಾ ಅಂದದ್ದು ಉಳಿಯುತ್ತದೆ. ಇವತ್ತೇ ಹೋಗಿ "ಸಿಟ್ಟಲ್ಲಿ ಅಂದೆ ಪುಟ್ಟಿ, ಅದು ತಪ್ಪು" ಅನ್ನಿ. ತಪ್ಪು ಮಾಡಿದ ಮೇಲೆ ಒಬ್ಬರು ತಮ್ಮ ಜೊತೆ ಹೇಗೆ ಮಾತಾಡಿಕೊಳ್ಳಬೇಕು ಅನ್ನುವುದನ್ನೂ ಅವಳು ನಿಮ್ಮಿಂದಲೇ ಕಲಿಯುವುದು. ಹಾಗಾಗಿ ಆಮೇಲೆ ಅವಳ ಮುಂದೆ "ನಾನೆಂಥ ಕೆಟ್ಟ ತಾಯಿ" ಅಂತ ಹಲುಬಬೇಡಿ.

### ಸ್ವಲ್ಪ ಆಳದವು

ಯೋಚ್ನೆ ಮಾಡ್ಬೇಡ ಅಂದಷ್ಟೂ ಅದೇ ಬರುತ್ತೆ. ಹೇಗೆ ನಿಲ್ಲಿಸೋದು?

ಮದ್ದು ಕುಡಿಯುವಾಗ ಕೋತಿಯನ್ನು ಮಾತ್ರ ನೆನೆಯಬೇಡ ಅಂದ ವೈದ್ಯನ ಕಥೆ ಗೊತ್ತಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಅದನ್ನೇ ಪ್ರಯೋಗ ಮಾಡಿ ತೋರಿಸಿದರು, ಕೋತಿಯ ಬದಲು ಬಿಳಿ ಕರಡಿ. ನೆನೆಯಬೇಡಿ ಅಂದವರ ತಲೆಗೆ ಕರಡಿ ಬಂದು ಬಂದು ಹೋಯಿತು. ನೆನೆಯಬಹುದು ಅಂತ ಬಿಟ್ಟ ಮೇಲಂತೂ ಇನ್ನೂ ಜಾಸ್ತಿ.

ನಿಲ್ಲಿಸಲು ಹೋಗಬೇಡಿ, ಹೊತ್ತು ಗೊತ್ತು ಮಾಡಿ. ಸಂಜೆ ಆರರಿಂದ ಆರೂವರೆ ಚಿಂತೆಗೆ ಮೀಸಲು. ಕುರ್ಚಿ ಒಂದೇ, ಜಾಗ ಒಂದೇ. ಬೆಳಿಗ್ಗೆ ಬಂದ ಚಿಂತೆಗೆ "ಸಂಜೆ ಬಾ" ಅನ್ನಿ, ಬೇಕಾದರೆ ಒಂದು ಪದ ಗೀಚಿಡಿ. ಸಂಜೆ ಕೂತಾಗ ಅರ್ಧಕ್ಕರ್ಧ ನೆನಪಾಗುವುದಿಲ್ಲ. ಮಲಗುವ ಕೋಣೆಯಲ್ಲಿ ಮಾತ್ರ ಈ ಸಭೆ ಬೇಡ.

ಬರೀರಿ ಬರೀರಿ ಅಂತೀರಿ. ಏನಂತ ಬರೀಲಿ?

ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು 1960ರ ದಶಕದಲ್ಲಿ ಒಂದು ವಿಷಯ ಕಂಡುಕೊಂಡರು. ರೋಗಿಗಳು ಮಾತಾಡುತ್ತಿರುವಾಗಲೇ ಅವರೊಳಗೆ ಇನ್ನೊಂದು ಮಾತಿನ ಸಾಲು ಓಡುತ್ತಿರುತ್ತದೆ. ಎಷ್ಟು ವೇಗ ಅಂದರೆ ಅದು ಮಾತು ಅಂತಲೇ ಗೊತ್ತಾಗುವುದಿಲ್ಲ, ನಿಜ ಅನ್ನಿಸಿಬಿಡುತ್ತದೆ. ಬರೆಯುವುದು ಆ ವೇಗ ತಗ್ಗಿಸಲು.

ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬರು ತೋರಿಸಿದ ಪುಟ ಇದು, ಅವರ ಒಪ್ಪಿಗೆ ತೆಗೆದುಕೊಂಡೇ ಹಾಕುತ್ತಿದ್ದೇನೆ. "ಏನಾಯ್ತು: ಬೆಳಿಗ್ಗೆ ನಮಸ್ಕಾರ ಅಂದ್ರೆ ಓನರ್ ಮಾತಾಡ್ಲಿಲ್ಲ. ಒಳಗೆ ಬಂದ ಮಾತು: ನಿನ್ನೆ ಸೀರೆ ಮಡಚೋದು ತಪ್ಪಾಗಿತ್ತು, ತೆಗೆದುಹಾಕ್ತಾರೆ. ಇನ್ನೇನಿರಬಹುದು: ಫೋನ್ ಕಿವೀಲಿತ್ತು. ಜಿಎಸ್‌ಟಿ ಕಟ್ಟೋ ದಿನ. ಎಲ್ಲರಿಗೂ ಹಾಗೇ ಮಾಡಿದ್ರು." ಅಷ್ಟೇ, ಮೂರು ಸಾಲು. ಮೂರನೇ ಸಾಲಿಗೆ ಸುಳ್ಳು ಸಮಾಧಾನ ತುಂಬಬೇಡಿ. ಕಣ್ಣಿಗೆ ಕಂಡದ್ದು ಮಾತ್ರ.

ಆದ್ರೆ ಆ ದನಿ ಹೇಳೋದು ನಿಜಾನೇ ಆಗಿದ್ರೆ? ಮೂರು ಬೋರ್ ಫೇಲ್ ಆಗಿವೆ. ಸಾಲ ಇದೆ. ಒಳ್ಳೆ ಮಾತು ಹೇಳ್ಕೊಂಡ್ರೆ ನೀರು ಬರುತ್ತಾ?

ಬರುವುದಿಲ್ಲ. ಬರುತ್ತದೆ ಅನ್ನುವವರನ್ನು ನಂಬಬೇಡಿ. ಬಡತನ, ಬರ, ಬಡ್ಡಿ ಇವೆಲ್ಲ ಯೋಚನೆಯ ದೋಷ ಅಲ್ಲ. ಎಲ್ಲವನ್ನೂ "ಮನಸ್ಸು ಬದಲಿಸಿಕೊಳ್ಳಿ" ಅಂತ ತಳ್ಳುವ ಉಪದೇಶ ನನಗೂ ಆಗಿಬರುವುದಿಲ್ಲ.

ಆದರೆ ಇದನ್ನು ಕೇಳಿದ ಚಳ್ಳಕೆರೆ ಕಡೆಯ ರೈತರು ಮೂರು ಬೋರ್ ಅಂತ ಮಾತ್ರ ಹೇಳಲಿಲ್ಲ. "ನನ್ನ ಕಾಲ್ಗುಣವೇ ಸರಿ ಇಲ್ಲ" ಅಂದರು. ಬೋರ್ ನಿಜ, ಕಾಲ್ಗುಣ ಅದಕ್ಕೆ ಅಂಟಿಸಿದ್ದು. ಚಿತ್ರದುರ್ಗದ ನೆಲದಲ್ಲಿ ವಾಣಿ ವಿಲಾಸ ಸಾಗರದಂಥ ದೊಡ್ಡ ಅಣೆಕಟ್ಟೇ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ ಆ ಕಣಿವೆಯ ಕಾಲ್ಗುಣವೂ ಸರಿ ಇರಲಿಲ್ಲವಾ? ಹೀಗೆ ಅಂದಾಗ ಅವರು ಸಣ್ಣಗೆ ನಕ್ಕರು. ಆಮೇಲೆ ನಾವು ಸಾಲದ ಕಾಗದ ತೆಗೆದು, ಯಾವುದು ಬ್ಯಾಂಕಿನದು, ಯಾವುದು ಕೈಸಾಲ, ಯಾರ ಜೊತೆ ಮೊದಲು ಮಾತಾಡಬೇಕು ಅಂತ ಬರೆದೆವು. ಕಾಲ್ಗುಣವನ್ನು ಪಕ್ಕಕ್ಕೆ ಇಟ್ಟಿದ್ದರಿಂದ ಆ ಕಾಗದ ನೋಡುವ ಧೈರ್ಯ ಬಂತು. ಸಾಲ ಅಷ್ಟೇ ಇದೆ.

ಇದೆಲ್ಲಾ ಮಾಡಿದ್ರೂ ಆಗ್ತಿಲ್ಲ. ಡಾಕ್ಟರ ಹತ್ರ ಯಾವಾಗ ಹೋಗ್ಬೇಕು?

ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಹೋಗಿ. ಒಳಗಿನ ದನಿ "ನೀನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು" ಅನ್ನುತ್ತಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಯಾರಿಗಾದರೂ ಹೇಳಿ. 14416 ಟೆಲಿ ಮನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 112.

ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಹಳ್ಳಿಯ ಹತ್ತಿರದಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಸಿಗಬೇಕು ಅನ್ನುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮಾತ್ರೆ ಕೊಟ್ಟರೆ "ಅಷ್ಟು ಕೆಟ್ಟುಹೋದ್ನಾ" ಅಂದುಕೊಳ್ಳಬೇಡಿ. ಕೆಲವರಿಗೆ ಮಾತ್ರೆ ಸ್ವಲ್ಪ ಕೆಲಸ ಮಾಡಿದ ಮೇಲೇ ನಾನು ಹೇಳುವ ಮೂರು ಸಾಲು ಬರೆಯುವಷ್ಟು ಶಕ್ತಿ ಬರುವುದು.

ಇಷ್ಟೆಲ್ಲಾ ಹೇಳ್ತೀರಲ್ಲ, ನಿಮಗೆ ಆ ದನಿ ನಿಂತಿದೆಯಾ?

ಇಲ್ಲ. ಮೊನ್ನೆ ಭಾನುವಾರ ಫೋನಿನಲ್ಲಿ ಮಾತಾಡುತ್ತಾ ಒಲೆ ಮೇಲೆ ಇಟ್ಟ ಹಾಲು ಉಕ್ಕಿ ಕಟ್ಟೆ ತುಂಬಾ ಹರಿಯಿತು. ಬಟ್ಟೆ ತರಲು ತಿರುಗುವಷ್ಟರಲ್ಲಿ ಅತ್ತೆ ಹಾಜರು: "ಊರಿಗೆಲ್ಲಾ ಬುದ್ಧಿ ಹೇಳೋಳು ಬಂದ್ಲು ನೋಡು." ಕೂತ್ಕೊಳ್ಳಿ ಅತ್ತೆ ಅಂದೆ. ಕಟ್ಟೆ ಒರೆಸಿದೆ. ಅರ್ಧ ಲೀಟರ್ ಉಳಿದಿತ್ತು, ಕಾಫಿಗೆ ಸಾಕಾಯಿತು.